ಡಾಕ್ಟರ್ ಅವಲಾಂಚ್ ತಾಳ ತಪ್ಪುವುದಿಲ್ಲ

(ಸಂಗೀತ ಕೇಳುಗರ ಒಂದು ಸಣ್ಣ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಮಧ್ಯೆ ಹಾಡು ಕೇಳಿಸಿದ್ದೆ. ಇಲ್ಲಿ ಆ ಜಾಗಗಳಲ್ಲಿ ಹಾಡಿನ ಹೆಸರು ಮಾತ್ರ ಉಳಿದಿದೆ.)

ಎಲ್ಲರಿಗೂ ನಮಸ್ಕಾರ.

ನಾನು ಹಾಸ್ಟೆಲಿನಲ್ಲಿದ್ದಾಗ ಒಂದು ಕ್ಯಾಸೆಟ್ ಕೈಗೆ ಬಂತು. ಸೀನಿಯರ್ ಒಬ್ಬರು ಯಾರಿಂದಲೋ ಕಾಪಿ ಮಾಡಿಸಿಕೊಂಡಿದ್ದು. ಡಬ್ಬಿಯೊಳಗಿನ ಚೀಟಿಯಲ್ಲಿ ಪೆನ್ನಿನಿಂದ ಬರೆದ ಹಾಡುಗಳ ಪಟ್ಟಿ, ಅದರ ಕೆಳಗೆ ವಾದಕರ ಹೆಸರುಗಳು. ಹಾಡುಗಾರಿಕೆ ಆಂಡ್ರ್ಯೂ ಎಲ್ಡ್ರಿಚ್. ಡ್ರಮ್ಸ್ ಡಾಕ್ಟರ್ ಅವಲಾಂಚ್. ತಿಂಗಳುಗಟ್ಟಲೆ ರಾತ್ರಿ ಹೊತ್ತು ವಾಕ್‌ಮನ್‌ನಲ್ಲಿ ಅದನ್ನೇ ಕೇಳಿದೆ. ಆ ಡ್ರಮ್ಮರ್ ಮೇಲೆ ನನಗೆ ತುಂಬ ಗೌರವ ಬೆಳೆಯಿತು. ಒಂದು ಏಟೂ ಆಚೀಚೆ ಆಗುವುದಿಲ್ಲ. ಹಾಡು ಏಳು ನಿಮಿಷ ಹೋದರೂ ಕೈ ಸೋಲುವುದಿಲ್ಲ. ಹಾಡುವವನು ಒಡೆದುಹೋಗುತ್ತಿದ್ದಾನೆ ಅನ್ನಿಸುವ ಜಾಗದಲ್ಲೂ ಇವನು ಮಾತ್ರ ಹಾಗೇ ನಡೆಯುತ್ತಿರುತ್ತಾನೆ.

ಆಮೇಲೆ ಗೊತ್ತಾಯಿತು, ಅವನು ಮನುಷ್ಯನಲ್ಲ. ಅದೊಂದು ಡ್ರಮ್ ಮಶೀನ್.

ಆ ಮಶೀನನ್ನು ನಡುವೆ ಇಟ್ಟುಕೊಂಡು ಬೆಳೆದ ಬ್ಯಾಂಡ್ 'ದಿ ಸಿಸ್ಟರ್ಸ್ ಆಫ್ ಮರ್ಸಿ'. ಇಂಗ್ಲೆಂಡಿನ ಲೀಡ್ಸ್ ನಗರದವರು. ಗಾಥಿಕ್ ರಾಕ್ ಅಂದ ಕೂಡಲೇ ಜನ ಹೇಳುವ ಮೊದಲ ನಾಲ್ಕೈದು ಹೆಸರುಗಳಲ್ಲಿ ಇವರದು ಇದ್ದೇ ಇರುತ್ತದೆ. ಆದರೆ ಎಲ್ಡ್ರಿಚ್ ಮೊದಲಿನಿಂದಲೂ ಆ ಹಣೆಪಟ್ಟಿಯನ್ನು ಒಪ್ಪಿದವನಲ್ಲ. ನಮ್ಮದು ರಾಕ್ ಬ್ಯಾಂಡ್, ಅಷ್ಟೇ ಅನ್ನುವುದು ಅವನ ನಿಲುವು. ಅವನ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಗಾಥಿಕ್ ಅನ್ನುವ ಆ ಪದದ ಬಗ್ಗೆ ಎರಡು ಮಾತು. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪಂಕ್ ಅನ್ನುವ ಒರಟು ರಾಕ್ ಸಂಗೀತದ ಅಲೆ ಇಳಿಯುತ್ತಿತ್ತು. ಪಂಕ್‌ನ ಸಿಟ್ಟು ಹೊರಗಿನವರ ಮೇಲಿತ್ತು. ಆಮೇಲೆ ಬಂದ ಕೆಲವರು ಅದೇ ಸಿಟ್ಟನ್ನು ಒಳಕ್ಕೆ ತಿರುಗಿಸಿಕೊಂಡರು. ಜಾಯ್ ಡಿವಿಷನ್, ಸೂಕ್ಸಿ ಅಂಡ್ ದಿ ಬ್ಯಾನ್‌ಶೀಸ್, ದಿ ಕ್ಯೂರ್, ನಾರ್ಥಾಂಪ್ಟನ್ನಿನ ಬೌಹೌಸ್. 1979ರಲ್ಲಿ ಬೌಹೌಸ್ ಒಂಬತ್ತು ನಿಮಿಷಕ್ಕೂ ಜಾಸ್ತಿ ಉದ್ದದ ಒಂದು ಸಿಂಗಲ್, ಅಂದರೆ ಒಂದು ಮುಖ್ಯ ಹಾಡಿನ ಡಿಸ್ಕ್, ತಂದಿತು. ಹಳೆಯ ಡ್ರಾಕುಲಾ ನಟ ಬೆಲಾ ಲುಗೋಸಿಯ ಹೆಸರಿನ ಹಾಡು ಅದು. ಗಾಥಿಕ್ ರಾಕ್ ಅಲ್ಲಿಂದ ಶುರು ಅಂತ ಬಹಳ ಜನ ಹೇಳುತ್ತಾರೆ. ಇವರೆಲ್ಲರ ಸಂಗೀತದಲ್ಲಿ ಕೆಲವು ಸಂಗತಿಗಳು ಸಮಾನ. ರಾಗವನ್ನು ಗಿಟಾರ್ ಬದಲು ದಪ್ಪ ದನಿಯ ಬೇಸ್ ಗಿಟಾರ್ ಹೊರುತ್ತದೆ. ಗಿಟಾರ್ ತೆಳ್ಳಗೆ, ದೂರದಿಂದ, ಖಾಲಿ ಹಾಲ್‌ನಲ್ಲಿ ನುಡಿಸಿದ ಹಾಗೆ ಕೇಳುತ್ತದೆ. ಹಾಡುವ ದನಿ ಮಂದ್ರದಲ್ಲೇ ಇರುತ್ತದೆ. ಕಪ್ಪು ಬಟ್ಟೆ, ಬಿಳಿ ಮುಖ, ಇವೆಲ್ಲ ಆಮೇಲೆ ಬಂದ ಮಾತು.

ಈಗ ಲೀಡ್ಸ್‌ಗೆ ಬರೋಣ. ಯಾರ್ಕ್‌ಶೈರ್‌ನ ಹಳೆಯ ಜವಳಿ ಊರು. ಗಿರಣಿಗಳು ಮುಚ್ಚುತ್ತಿದ್ದ ಕಾಲ. ಅದರ ಮೇಲೆ ಇನ್ನೊಂದು ಕತ್ತಲೆ. 1975ರಿಂದ 1980ರವರೆಗೆ ಆ ಸೀಮೆಯಲ್ಲಿ ಒಬ್ಬ ಕೊಲೆಗಾರ ಓಡಾಡುತ್ತಿದ್ದ. ಹದಿಮೂರು ಹೆಂಗಸರನ್ನು ಕೊಂದ. 1981ರ ಜನವರಿಯಲ್ಲಷ್ಟೇ ಸಿಕ್ಕಿಬಿದ್ದ. ಸಂಜೆಯಾದ ಮೇಲೆ ಹೆಂಗಸರು ಒಂಟಿಯಾಗಿ ಹೊರಗೆ ಬರಬೇಡಿ ಅಂತ ಪೊಲೀಸರೇ ಹೇಳುತ್ತಿದ್ದರು. ಅದನ್ನು ಒಪ್ಪದ ಹೆಂಗಸರು 1977ರ ನವೆಂಬರ್‌ನಲ್ಲಿ ಅದೇ ಲೀಡ್ಸ್‌ನ ಬೀದಿಗಳಲ್ಲಿ ರಾತ್ರಿ ಮೆರವಣಿಗೆ ಹೊರಟರು, ರಾತ್ರಿ ನಮ್ಮದೂ ಹೌದು ಅಂತ. ಈ ಊರಿನಿಂದ ಬಂದ ಸಂಗೀತದಲ್ಲಿ ಕತ್ತಲೆ ಇದೆ ಅಂದರೆ ಅದು ಯಾವುದೋ ಕಥೆಯಿಂದ ತಂದ ಕತ್ತಲೆ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಅವರ ಬೀದಿ ದೀಪದ ಕೆಳಗೇ ಅದು ಇತ್ತು.

ಆ ಊರಿನಲ್ಲಿ ಎಫ್ ಕ್ಲಬ್ ಅಂತ ಒಂದು ಜಾಗ. ಜಾನ್ ಕೀನನ್ ಅನ್ನುವವರು ನಡೆಸುತ್ತಿದ್ದರು. ಪಂಕ್ ಕೇಳುವವರೆಲ್ಲ ಸೇರುವ ಅಡ್ಡ. ಅಲ್ಲಿ ಗ್ಯಾರಿ ಮಾರ್ಕ್ಸ್ ಮತ್ತು ಎಲ್ಡ್ರಿಚ್ ಪರಿಚಯವಾದರು. ಎಲ್ಡ್ರಿಚ್‌ನ ನಿಜವಾದ ಹೆಸರು ಆಂಡ್ರ್ಯೂ ಟೇಲರ್, ಹುಟ್ಟಿದ್ದು 1959ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಫ್ರೆಂಚ್, ಜರ್ಮನ್ ಸಾಹಿತ್ಯ ಓದುತ್ತಿದ್ದ. ಅದನ್ನು ಬಿಟ್ಟು ಚೀನೀ ಭಾಷೆ ಕಲಿಯಲು ಲೀಡ್ಸ್‌ಗೆ ಬಂದ. ಅದನ್ನೂ ಬಿಟ್ಟ. ಭಾಷೆಗಳ ಹುಚ್ಚು ಮಾತ್ರ ಅವನನ್ನು ಬಿಡಲಿಲ್ಲ. ಅವನ ಹಾಡುಗಳ ಸಾಲುಗಳಲ್ಲಿ ಪದಗಳ ಮೇಲೆ ಒಂದು ಬಿಗಿ ಹಿಡಿತ ಇದೆಯಲ್ಲ, ಅದರ ಬೇರು ಇಲ್ಲಿದೆ.

1980ರಲ್ಲಿ ಇಬ್ಬರೂ ಸೇರಿ ಒಂದು ಸಿಂಗಲ್ ಮಾಡಿದರು. ಆಸೆ ಇಷ್ಟೇ, ರೇಡಿಯೋದಲ್ಲಿ ನಮ್ಮ ಹಾಡು ಕೇಳಬೇಕು. ಬ್ಯಾಂಡಿನ ಹೆಸರನ್ನು ಕೆನಡಾದ ಕವಿ, ಹಾಡುಗಾರ ಲೆನರ್ಡ್ ಕೋಹೆನ್ ಅವರ ಹಾಡಿನಿಂದ ತೆಗೆದುಕೊಂಡರು. 'ಮರ್ಸಿಫುಲ್ ರಿಲೀಸ್' ಅಂತ ಸ್ವಂತ ರೆಕಾರ್ಡ್ ಲೇಬಲ್ ಮಾಡಿಕೊಂಡರು. ಅದರ ಗುರುತು ಒಂದು ನಕ್ಷತ್ರ, ಅದರ ಮೇಲೆ ಚರ್ಮ ತೆಗೆದ ಮನುಷ್ಯನ ತಲೆ. ಆ ತಲೆ ಬಂದಿದ್ದು ಮೆಡಿಕಲ್ ವಿದ್ಯಾರ್ಥಿಗಳು ಓದುವ ಗ್ರೇ ಅವರ ಅನಾಟಮಿ ಪುಸ್ತಕದಿಂದ. ಇವತ್ತಿಗೂ ಟೀ ಶರ್ಟುಗಳ ಮೇಲೆ ಅದೇ ಚಿತ್ರ.

ಆ ಮೊದಲ ಸಿಂಗಲ್‌ನಲ್ಲಿ ಡ್ರಮ್ಸ್ ಬಾರಿಸಿದ್ದು ಎಲ್ಡ್ರಿಚ್. ತನ್ನ ಬಾರಿಸುವಿಕೆ ಅವನಿಗೇ ಸಮಾಧಾನ ಕೊಡಲಿಲ್ಲ. ಡ್ರಮ್ಸ್ ಬಿಟ್ಟು ಹಾಡಲು ಮುಂದೆ ಬಂದ. ಹಿಂದೆ ಖಾಲಿ ಬಿದ್ದ ಜಾಗಕ್ಕೆ ಒಂದು ಮಶೀನ್ ತಂದಿಟ್ಟ.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮಶೀನ್ ಬಾಸ್ ಕಂಪನಿಯ ಡಿಆರ್-55. ಅದರಲ್ಲಿ ಇದ್ದಿದ್ದು ನಾಲ್ಕೇ ಸದ್ದು. ಬೇಸ್ ಡ್ರಮ್, ಸ್ನೇರ್, ಸ್ನೇರ್‌ನ ಅಂಚಿಗೆ ಹೊಡೆದ ಸದ್ದು, ಹೈ ಹ್ಯಾಟ್. ಹದಿನಾರು ಮನೆಗಳ ಒಂದು ಸಾಲು. ಯಾವ ಮನೆಯಲ್ಲಿ ಯಾವ ಏಟು ಬೀಳಬೇಕು ಅಂತ ನೀವು ಗುಂಡಿ ಒತ್ತಿ ಹೇಳಬೇಕು. ಆಮೇಲೆ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆ ದುಡ್ಡಿಗೆ ಸಿಗುತ್ತಿದ್ದ ಸಾಮಾನು. ಹೆಚ್ಚಿನವರು ಇಂಥ ಮಶೀನನ್ನು ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಎಲ್ಡ್ರಿಚ್ ಅದನ್ನು ವೇದಿಕೆಗೆ ತಂದು ಬ್ಯಾಂಡಿನ ಸದಸ್ಯ ಅಂತ ಹೆಸರಿಟ್ಟ. ಡಾಕ್ಟರ್ ಅಂದರೆ ಜರ್ಮನ್ ಕಾಗುಣಿತದ ಡಾಕ್ಟರ್. ಅವಲಾಂಚ್ ಅಂದರೆ ಹಿಮಕುಸಿತ. ಕೋಹೆನ್ ಅವರಿಗೆ ಆ ಹೆಸರಿನ ಹಾಡೂ ಇದೆ.

ನಮ್ಮ ಕಡೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಒಂದು ಮಶೀನ್ ಸಂಗೀತದೊಳಕ್ಕೆ ಬಂತು, ನೆನಪಿದೆಯಾ? 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕೊಳಲು ವಾದಕ, ಇಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ಈಗ ಕಚೇರಿಗಳಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟು ಹೊಂದಿಕೊಂಡಿದೆ. ಆದರೆ ಗಮನಿಸಿ, ನಾವು ಶ್ರುತಿಯನ್ನು ಮಶೀನಿಗೆ ಕೊಟ್ಟೆವು, ಕಚೇರಿಯ ಲಯವನ್ನು ಕೊಡಲಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ತಾಳದ ಪೆಟ್ಟಿಗೆ ಇರಬಹುದು. ವೇದಿಕೆಯ ಮೇಲೆ ಮೃದಂಗ ಮನುಷ್ಯನದೇ ಆಗಿರಬೇಕು. ಯಾಕೆಂದರೆ ಮೃದಂಗ ಹಾಡುವವರ ಮಾತು ಕೇಳಿಸಿಕೊಳ್ಳುತ್ತದೆ. ಸ್ವರಕ್ಕೆ ಉತ್ತರ ಕೊಡುತ್ತದೆ. ಪಲ್ಲವಿ ಮೆತ್ತಗಾದರೆ ತಾನೂ ಮೆತ್ತಗಾಗುತ್ತದೆ. ಆ ಕೊಡುಕೊಳ್ಳುವಿಕೆಯೇ ನಮ್ಮ ಕಚೇರಿಯ ಜೀವ.

ಡಾಕ್ಟರ್ ಅವಲಾಂಚ್ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಹಾಡುವವನು ಅತ್ತರೂ, ಕೂಗಿದರೂ, ಸುಮ್ನೆ ನಿಂತರೂ ಅದಕ್ಕೆ ಒಂದೇ. ಅದಕ್ಕೇ ಅದರ ಮುಂದೆ ನಿಂತ ಮನುಷ್ಯನ ದನಿ ಅಷ್ಟು ಒಂಟಿಯಾಗಿ ಕೇಳುತ್ತದೆ. ನನ್ನ ಮಟ್ಟಿಗೆ ಈ ಬ್ಯಾಂಡಿನ ಶೈಲಿಯ ಗುಟ್ಟು ಇಷ್ಟರಲ್ಲೇ ಇದೆ. ಕಪ್ಪು ಕನ್ನಡಕ, ಲೆದರ್ ಜಾಕೆಟ್, ವೇದಿಕೆಯನ್ನೇ ಮುಚ್ಚಿಬಿಡುವ ಹೊಗೆ, ಎಲ್ಲ ಇದ್ದವು. ಅವೆಲ್ಲ ತೆಗೆದುಹಾಕಿದರೂ ಈ ಒಂಟಿತನ ಉಳಿಯುತ್ತದೆ.

1981ರ ಫೆಬ್ರವರಿ 16ರಂದು ಯಾರ್ಕ್‌ನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟರು. ಅಷ್ಟು ಹೊತ್ತಿಗೆ ಬೇಸ್ ಗಿಟಾರ್‌ಗೆ ಕ್ರೇಗ್ ಆಡಮ್ಸ್ ಸೇರಿದ್ದ. ಆಮೇಲೆ ಎರಡನೇ ಗಿಟಾರ್‌ಗೆ ಬೆನ್ ಗನ್ ಬಂದ. ಆಡಮ್ಸ್ ಬೇಸ್‌ನ ಸದ್ದನ್ನು ಒರಟಾಗಿ, ಉಬ್ಬಿಸಿ ನುಡಿಸುತ್ತಿದ್ದ. ಮಶೀನಿನ ಬೇಸ್ ಡ್ರಮ್‌ಗೆ ಅಂಟಿಕೊಂಡೇ ಹೋಗುತ್ತಿದ್ದ. ಎರಡೂ ಸೇರಿ ಒಂದು ದೊಡ್ಡ ಎಂಜಿನ್ ಆಗುತ್ತಿತ್ತು. ಅದರ ಮೇಲೆ ಮಾರ್ಕ್ಸ್ ಎರಡು ಮೂರು ಸ್ವರಗಳ ಸಣ್ಣ ಎಳೆಯೊಂದನ್ನು ಹಿಡಿದು ಮತ್ತೆ ಮತ್ತೆ ನುಡಿಸುತ್ತಿದ್ದ. ಕೈಚಳಕ ತೋರಿಸುವ ಸೋಲೋ ಬೇಕಿರಲಿಲ್ಲ. ಎಳೆ ಬದಲಾಗದೆ ಸುತ್ತುತ್ತಿದ್ದರೆ ಕೇಳುವವರ ಮನಸ್ಸೇ ಬದಲಾಗುತ್ತಾ ಹೋಗುತ್ತದೆ. ಭಜನೆಯಲ್ಲಿ ಒಂದೇ ಸಾಲನ್ನು ಐವತ್ತು ಸಲ ಹಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

(ಇಲ್ಲಿ 'ಆಲಿಸ್' ಹಾಡಿನ ಮೊದಲ ಒಂದು ನಿಮಿಷ ಕೇಳಿಸಿದೆ. 1982ರ ಸಿಂಗಲ್.)

ಕೇಳಿದಿರಾ? ಗಿಟಾರ್‌ನ ಆ ಎಳೆ ಎಷ್ಟು ಸರಳ. ಸ್ವಲ್ಪ ಅಭ್ಯಾಸ ಮಾಡಿದರೆ ನಿಮ್ಮ ಮಕ್ಕಳೂ ನುಡಿಸಬಹುದು. ಆದರೆ ಅದರ ಕೆಳಗೆ ಆ ತಾಳ ಓಡುತ್ತಿದೆಯಲ್ಲ, ಅದು ಎಳೆಗೆ ಒಂದು ಆತಂಕ ಕೊಡುತ್ತದೆ. ಎಲ್ಡ್ರಿಚ್‌ನ ದನಿ ಆ ಆತಂಕವನ್ನು ಗಮನಿಸಿಯೇ ಇಲ್ಲ ಅನ್ನುವ ಹಾಗೆ ಕೆಳಗೆ, ನಿಧಾನಕ್ಕೆ ನಡೆಯುತ್ತದೆ. ಓಡುವ ತಾಳ, ನಡೆಯುವ ದನಿ. ಈ ಎರಡರ ನಡುವಿನ ಬಿರುಕಿನಲ್ಲಿ ಹಾಡು ಇದೆ.

1983ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಒಂದು ಕೆಲಸ ಮಾಡಿದರು. 'ದಿ ರೆಪ್ಟೈಲ್ ಹೌಸ್' ಅಂತ ಒಂದು ಇಪಿ, ಅಂದರೆ ಸಿಂಗಲ್‌ಗಿಂತ ಉದ್ದ, ಆಲ್ಬಮ್‌ಗಿಂತ ಚಿಕ್ಕದು. ಇಲ್ಲಿ ತಾಳವನ್ನು ವಿಳಂಬಕ್ಕೆ ಇಳಿಸಿದರು. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಕತ್ತಲೆ ತುಂಬುವಷ್ಟು ಜಾಗ. ಮೊದಲ ಸಲ ಕೇಳುವವರಿಗೆ ಇದನ್ನು ಕೊಡಬೇಡಿ. ಆದರೆ ಅವರ ಕೆಲಸದಲ್ಲಿ ಅತಿ ಧೈರ್ಯದ್ದು ಇದು ಅಂತ ನನ್ನ ಅಭಿಪ್ರಾಯ. ಅದೇ ವರ್ಷ 'ಟೆಂಪಲ್ ಆಫ್ ಲವ್' ಬಂತು. ಮತ್ತೆ ಓಟ. ಆ ಡಿಸ್ಕ್‌ನ ಹಿಂಬದಿಯಲ್ಲಿ ರೋಲಿಂಗ್ ಸ್ಟೋನ್ಸ್‌ನವರ ಹಾಡು. ವೇದಿಕೆಯಲ್ಲಿ ಅಮೆರಿಕದ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಅವರ 'ಜೋಲೀನ್' ಕೂಡ ಹಾಡುತ್ತಿದ್ದರು. ಎಲ್ಡ್ರಿಚ್ ತನ್ನನ್ನು ಗಾಥ್ ಅಂದರೆ ಯಾಕೆ ಒಪ್ಪುವುದಿಲ್ಲ ಅನ್ನುವುದಕ್ಕೆ ಇಲ್ಲಿ ಒಂದು ಉತ್ತರ ಸಿಗುತ್ತದೆ. ಅವನು ಕೇಳಿ ಬೆಳೆದಿದ್ದು ಕೋಹೆನ್, ಸ್ಟೂಜಸ್, ಸ್ಟೋನ್ಸ್. ಅದನ್ನೇ ಅವನು ಮಶೀನಿನ ಮುಂದೆ ತಂದು ನಿಲ್ಲಿಸಿದ. ಕತ್ತಲೆ ತಾನಾಗಿಯೇ ಬಂತು.

ಬೆನ್ ಗನ್ 1983ರಲ್ಲಿ ಬಿಟ್ಟ. ಅವನ ಜಾಗಕ್ಕೆ 'ಡೆಡ್ ಆರ್ ಅಲೈವ್' ಬ್ಯಾಂಡಿನಿಂದ ವೇಯ್ನ್ ಹಸ್ಸಿ ಬಂದ. ಹನ್ನೆರಡು ತಂತಿಯ ಗಿಟಾರ್ ಜೊತೆಗೆ ಬಂದ. ದೊಡ್ಡ ಕಂಪನಿಯ ಜೊತೆ ಒಪ್ಪಂದವೂ ಆಯಿತು. 1985ರ ಮಾರ್ಚ್‌ನಲ್ಲಿ ಮೊದಲ ಆಲ್ಬಮ್, 'ಫಸ್ಟ್ ಅಂಡ್ ಲಾಸ್ಟ್ ಅಂಡ್ ಆಲ್ವೇಸ್'. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 14ನೇ ಸ್ಥಾನ.

ಈ ಆಲ್ಬಮ್ ಬಗ್ಗೆ ನನಗೆ ಎಷ್ಟು ಹೇಳಿದರೂ ಸಾಲದು. ನನ್ನ ಆ ಕ್ಯಾಸೆಟ್ ಇದೇ. ಸಂಗೀತ ಬಹುಪಾಲು ಮಾರ್ಕ್ಸ್ ಮತ್ತು ಹಸ್ಸಿಯದು, ಸಾಹಿತ್ಯ ಎಲ್ಡ್ರಿಚ್‌ನದು. ಇಬ್ಬರು ಗಿಟಾರ್‌ನವರ ಸ್ವಭಾವ ಬೇರೆ ಬೇರೆ. ಹಸ್ಸಿಯ ಹಾಡುಗಳಲ್ಲಿ ತಂತಿಗಳು ಮಿನುಗುತ್ತವೆ. ಮಾರ್ಕ್ಸ್‌ನವು ಮಂಕಾಗಿ, ಮಳೆ ಹಿಡಿದ ಹಾಗೆ. 'ಮೇರಿಯನ್' ಹಸ್ಸಿಯದು. ಅದರ ನಡುವೆ ಎಲ್ಡ್ರಿಚ್ ಇದ್ದಕ್ಕಿದ್ದ ಹಾಗೆ ಜರ್ಮನ್‌ಗೆ ಹೊರಳುತ್ತಾನೆ. ಮುಳುಗುತ್ತಿರುವವನು ಎರಡು ಭಾಷೆಯಲ್ಲಿ ಕರೆದ ಹಾಗೆ. 'ನೈನ್ ವೈಲ್ ನೈನ್' ಮಾರ್ಕ್ಸ್‌ನದು. ಈ ಹೆಸರಿನಲ್ಲಿ ಒಂದು ಚೆಂದದ ಸಂಗತಿ ಇದೆ. ಇಂಗ್ಲಿಷ್ ಪಾಠದ ಪ್ರಕಾರ 'ವೈಲ್' ಅಂದರೆ 'ಆಗುತ್ತಿರುವಾಗ'. ಯಾರ್ಕ್‌ಶೈರ್ ಜನರ ಮಾತಿನಲ್ಲಿ 'ವೈಲ್' ಅಂದರೆ 'ತನಕ'. ಹಾಗಾಗಿ ಇದು ಒಂಬತ್ತರಿಂದ ಒಂಬತ್ತರ ತನಕ. ಕಾಯುವವನ ಹಾಡು ಅದು. ಧಾರವಾಡದ ಮಾತಿನ ಒಂದು ಪದ ಹಾಡಿನ ತಲೆಬರಹವಾದರೆ ಅಲ್ಲಿಯವರಿಗೆ ಹೇಗನ್ನಿಸುತ್ತದೋ, ಲೀಡ್ಸ್‌ನವರಿಗೆ ಹಾಗೆ.

ಕೊನೆಯ ಹಾಡು 'ಸಮ್ ಕೈಂಡ್ ಆಫ್ ಸ್ಟ್ರೇಂಜರ್'. ಏಳು ನಿಮಿಷಕ್ಕೂ ಜಾಸ್ತಿ. ಅದರ ಕೊನೆಯ ಭಾಗದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ದನಿ ಸ್ವಲ್ಪ ಸವೆದಿರುತ್ತದೆ. ಡಾಕ್ಟರ್ ಮಾತ್ರ ಸವೆಯುವುದಿಲ್ಲ. ನಾನು ಹಾಸ್ಟೆಲಿನಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ಇದನ್ನು ಕೇಳುತ್ತಿದ್ದೆ. ಮನೆಯಿಂದ ಮೊದಲ ಸಲ ದೂರ ಇದ್ದ ವಯಸ್ಸು. ಯಾರೋ ನನ್ನ ಹಾಗೇ ಒಂಟಿ ಇದ್ದಾರೆ ಅನ್ನಿಸುತ್ತಿತ್ತು. ಅದೊಂದು ದೊಡ್ಡ ಆಸರೆ.

ಆಲ್ಬಮ್ ಬಂದ ಮುಂದಿನ ತಿಂಗಳೇ ಮಾರ್ಕ್ಸ್ ಹೊರಟುಹೋದ. 1985ರ ಜೂನ್ 18ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಉಳಿದವರು ಒಂದು ಕಾರ್ಯಕ್ರಮ ಕೊಟ್ಟರು. ಅದರ ವಿಡಿಯೋಗೆ 'ವೇಕ್' ಅಂತ ಹೆಸರು. ಎಚ್ಚರ ಅಂತಲೂ ಅರ್ಥ, ಸತ್ತವರ ಮುಂದೆ ಜಾಗರಣೆ ಕೂರುವುದು ಅಂತಲೂ ಅರ್ಥ. ಅದಾದ ಮೇಲೆ ಹಸ್ಸಿ, ಆಡಮ್ಸ್ ಇಬ್ಬರೂ ಹೊರಗೆ. ಅವರು 'ದಿ ಸಿಸ್ಟರ್‌ಹುಡ್' ಅನ್ನುವ ಹೆಸರಿನಲ್ಲಿ ಹೊಸ ಬ್ಯಾಂಡ್ ಕಟ್ಟಲು ಹೊರಟರು. ಎಲ್ಡ್ರಿಚ್ ಬಿಡಲಿಲ್ಲ. 1986ರ ಜನವರಿಯಲ್ಲಿ ಅದೇ ಹೆಸರಿನಲ್ಲಿ ತಾನೇ ಒಂದು ಸಿಂಗಲ್ ತಂದ. ಅವರು 'ದಿ ಮಿಷನ್' ಆದರು. ಅದೇ ವರ್ಷ ಸಿಸ್ಟರ್‌ಹುಡ್ ಹೆಸರಿನಲ್ಲಿ ಎಲ್ಡ್ರಿಚ್ ತಂದ ಆಲ್ಬಮ್‌ನ ಹೆಸರು 'ಗಿಫ್ಟ್'. ಇಂಗ್ಲಿಷ್‌ನಲ್ಲಿ ಉಡುಗೊರೆ, ಜರ್ಮನ್‌ನಲ್ಲಿ ವಿಷ. ಆಗ ಅವನು ಇದ್ದಿದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಈ ಜಗಳದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ. ಹಾಡುಗಳಿಗಿಂತ ಜಗಳದ ಬಗ್ಗೆಯೇ ಜಾಸ್ತಿ ಬರೆದಿದ್ದಾರೆ, ಅದು ನನಗೆ ಬೇಸರದ ವಿಷಯ.

ನೋಡಿ, ಈಗ ಉಳಿದವರು ಯಾರು? ಎಲ್ಡ್ರಿಚ್ ಮತ್ತು ಡಾಕ್ಟರ್. ಜೊತೆಗೆ 'ಗನ್ ಕ್ಲಬ್' ಬ್ಯಾಂಡಿನಲ್ಲಿದ್ದ ಪೆಟ್ರೀಶಿಯಾ ಮಾರಿಸನ್ ಬಂದಳು. 1987ರ ನವೆಂಬರ್‌ನಲ್ಲಿ 'ಫ್ಲಡ್‌ಲ್ಯಾಂಡ್' ಬಂತು. ಇದು ಬೇರೆಯೇ ಲೋಕ. ಗಿಟಾರ್ ಹಿಂದೆ ಸರಿದು ಕೀಬೋರ್ಡ್ ಮುಂದೆ ಬಂತು. 'ದಿಸ್ ಕರೋಷನ್' ಹಾಡಿಗೆ ಅಮೆರಿಕದ ಸಂಗೀತ ನಿರ್ಮಾಪಕ ಜಿಮ್ ಸ್ಟೈನ್‌ಮನ್ ಅವರನ್ನು ಎಲ್ಡ್ರಿಚ್ ಹಿಡಿದ. ಎಲ್ಲವನ್ನೂ ದೊಡ್ಡದಾಗಿ, ಇನ್ನೂ ದೊಡ್ಡದಾಗಿ ಮಾಡುವುದರಲ್ಲಿ ಅವರು ಎತ್ತಿದ ಕೈ. ನ್ಯೂಯಾರ್ಕ್‌ನ ನಲವತ್ತು ಜನರ ಗಾಯನ ವೃಂದ ಸೇರಿತು. ಆಲ್ಬಮ್‌ನಲ್ಲಿ ಹಾಡು ಹತ್ತಿರ ಹತ್ತಿರ ಹನ್ನೊಂದು ನಿಮಿಷ. ಅದು ಸಿಂಗಲ್ ಆಗಿ 7ನೇ ಸ್ಥಾನಕ್ಕೆ ಹೋಯಿತು. 'ಡೊಮಿನಿಯನ್' ಹಾಡಿನ ವಿಡಿಯೋವನ್ನು ಜೋರ್ಡಾನ್‌ನ ಪೆಟ್ರಾದಲ್ಲಿ, ಬಂಡೆ ಕೊರೆದು ಮಾಡಿದ ಹಳೆಯ ಊರಿನಲ್ಲಿ ತೆಗೆದರು.

(ಇಲ್ಲಿ 'ದಿಸ್ ಕರೋಷನ್' ಶುರುವಿನ ಕೋರಸ್, ತಾಳ ಸೇರುವ ತನಕ.)

ಆ ವೃಂದ ಹಾಡುವಾಗ ಚರ್ಚಿನೊಳಗೆ ನಿಂತ ಹಾಗಿದೆ. ತಾಳ ಶುರುವಾಯಿತು, ಡಾನ್ಸ್ ಕ್ಲಬ್ಬಿಗೆ ಬಂದೆವು. ನಲವತ್ತು ಮನುಷ್ಯರನ್ನು ತಂದು ನಿಲ್ಲಿಸಿದರೂ ಹಾಡನ್ನು ನಡೆಸುವುದು ಡಾಕ್ಟರ್. ಆ ಹೊತ್ತಿಗೆ ಡಾಕ್ಟರ್‌ನ ದೇಹ ಹಲವು ಸಲ ಬದಲಾಗಿತ್ತು. ಸಣ್ಣ ಬಾಸ್ ಪೆಟ್ಟಿಗೆ ಹೋಗಿ ರೋಲ್ಯಾಂಡ್, ಒಬರ್‌ಹೈಮ್ ಮಶೀನುಗಳು ಬಂದವು. ಆಮೇಲೆ ನಿಜವಾದ ಡ್ರಮ್ ಸದ್ದನ್ನೇ ಹಿಡಿದಿಟ್ಟುಕೊಳ್ಳುವ ಸ್ಯಾಂಪ್ಲರ್‌ಗಳು. ಹೆಸರು ಮಾತ್ರ ಅದೇ. ಇದೇ ಆಲ್ಬಮ್‌ನ '1959' ಹಾಡಿನಲ್ಲಿ ಡಾಕ್ಟರ್ ಇಲ್ಲ. ಪಿಯಾನೋ, ದನಿ, ಅಷ್ಟೇ. ಅದು ಎಲ್ಡ್ರಿಚ್ ಹುಟ್ಟಿದ ವರ್ಷ. ತಾಳ ಇಲ್ಲದ ಕಡೆ ಅವನ ದನಿ ಎಷ್ಟು ಮೆತ್ತಗಾಗುತ್ತದೆ ಅಂತ ಮನೆಗೆ ಹೋಗಿ ಕೇಳಿ.

1990ರಲ್ಲಿ ಮೂರನೇ ಆಲ್ಬಮ್ 'ವಿಷನ್ ಥಿಂಗ್'. ಹೆಸರು ಆಗಿನ ಅಮೆರಿಕ ಅಧ್ಯಕ್ಷ ಜಾರ್ಜ್ ಬುಷ್ ಅವರ ಬಾಯಿಂದ ಬಂದ ಮಾತು. ಗಿಟಾರ್ ಮತ್ತೆ ಮುಂದೆ ಬಂತು, ರಾಜಕೀಯದ ಸಿಟ್ಟೂ ಬಂತು. ನನಗೆ ಇದು ಉಳಿದೆರಡರಷ್ಟು ಹತ್ತಿರ ಅಲ್ಲ. ಮರುವರ್ಷ ಅಮೆರಿಕದಲ್ಲಿ 'ಪಬ್ಲಿಕ್ ಎನಿಮಿ' ಅನ್ನುವ ರ‍್ಯಾಪ್ ತಂಡದ ಜೊತೆ ಪ್ರವಾಸ ಹೊರಟರು. ಕರಿಯರ ರ‍್ಯಾಪ್ ಕೇಳುವವರನ್ನೂ ಬಿಳಿಯರ ರಾಕ್ ಕೇಳುವವರನ್ನೂ ಒಂದೇ ಹಾಲ್‌ನಲ್ಲಿ ಕೂರಿಸುವ ಪ್ರಯತ್ನ ಅದು. ಪ್ರವಾಸ ಪೂರ್ತಿಯಾಗಲಿಲ್ಲ. ಆದರೆ ಆ ಯೋಚನೆಗೆ ನಾನು ಕೈಮುಗಿಯುತ್ತೇನೆ. 1992ರಲ್ಲಿ 'ಟೆಂಪಲ್ ಆಫ್ ಲವ್' ಹಾಡನ್ನು ಹೊಸದಾಗಿ ಮಾಡಿದರು. ಯೆಮೆನ್ ಮೂಲದ ಯಹೂದಿ ಕುಟುಂಬದ ಇಸ್ರೇಲಿ ಗಾಯಕಿ ಒಫ್ರಾ ಹಾಜಾ ಅದರಲ್ಲಿ ಹಾಡಿದರು. ಎಲ್ಡ್ರಿಚ್ ಕೆಳಗೆ, ಆಕೆ ಮೇಲೆ ಆಕಾಶದಲ್ಲಿ. ಅದು 3ನೇ ಸ್ಥಾನಕ್ಕೆ ಏರಿತು. ಅವರ ಯಾವ ಸಿಂಗಲ್ಲೂ ಅದಕ್ಕಿಂತ ಮೇಲೆ ಹೋಗಲಿಲ್ಲ.

ಅಲ್ಲಿಂದ ಮುಂದೆ ಹೊಸ ಸ್ಟುಡಿಯೋ ಆಲ್ಬಮ್ ಇಲ್ಲ. ಮೂರೇ ಮೂರು. ಕಂಪನಿ ಜೊತೆ ಜಗಳವಾಯಿತು, ಎಲ್ಡ್ರಿಚ್ ರೆಕಾರ್ಡ್ ಮಾಡುವುದಿಲ್ಲ ಅಂತ ಮುಷ್ಕರ ಹೂಡಿದ. 1997ರಲ್ಲಿ ಒಪ್ಪಂದದಿಂದ ಬಿಡುಗಡೆ ಸಿಗಲಿ ಅಂತ ಎಸ್‌ಎಸ್‌ವಿ ಅನ್ನುವ ಹೆಸರಿನಲ್ಲಿ ಒಂದು ಆಲ್ಬಮ್‌ಗೆ ದನಿ ಕೊಟ್ಟ. ಕಂಪನಿ ಅದನ್ನು ಹೊರಗೆ ತರಲೇ ಇಲ್ಲ. ಆ ಆಲ್ಬಮ್‌ನಲ್ಲಿ ಏನಿರಲಿಲ್ಲ ಗೊತ್ತಾ? ಡ್ರಮ್ಸ್. ಟೆಕ್ನೋ, ಅಂದರೆ ಮಶೀನಿನ ತಾಳದ ಮೇಲೇ ನಿಲ್ಲುವ ಡಾನ್ಸ್ ಸಂಗೀತ, ಆದರೆ ತಾಳವೇ ಇಲ್ಲ. ತನ್ನದು ಅಂತ ಒಪ್ಪದ ಕೆಲಸಕ್ಕೆ ಅವನು ತನ್ನ ದನಿ ಕೊಟ್ಟ, ಡಾಕ್ಟರ್ ಅವಲಾಂಚ್‌ನನ್ನು ಕೊಡಲಿಲ್ಲ. ನಾನು ಅದನ್ನು ಹಾಗೆ ಓದಿಕೊಂಡಿದ್ದೇನೆ.

ಇಲ್ಲಿ ಮೆಟಲ್ ಕೇಳುವವರು ಇದ್ದೀರಿ, ನಿಮಗೆ ಒಂದು ಮಾತು. ಯಾರ್ಕ್‌ಶೈರ್‌ನವರೇ ಆದ ಪ್ಯಾರಡೈಸ್ ಲಾಸ್ಟ್ ನಿಮಗೆ ಗೊತ್ತು. ಅವರು ಇವರ 'ವಾಕ್ ಅವೇ' ಹಾಡಿದ್ದಾರೆ. ಕ್ರೇಡಲ್ ಆಫ್ ಫಿಲ್ತ್ 'ನೋ ಟೈಮ್ ಟು ಕ್ರೈ' ಹಾಡಿದ್ದಾರೆ. ಎರಡೂ ಮೊದಲ ಆಲ್ಬಮ್‌ನವು. ನಿಮಗೆ ಗೊತ್ತಿಲ್ಲದೆಯೇ ನೀವು ಈ ಬ್ಯಾಂಡನ್ನು ಕೇಳುತ್ತಿದ್ದೀರಿ.

ಆಲ್ಬಮ್ ಇಲ್ಲದಿದ್ದರೂ ಬ್ಯಾಂಡ್ ನಿಂತಿಲ್ಲ. 1990ರ ದಶಕದ ನಡುವಿನಿಂದ ಇಲ್ಲಿಯವರೆಗೆ ಊರೂರು ತಿರುಗಿ ಕಾರ್ಯಕ್ರಮ ಕೊಡುತ್ತಲೇ ಇದ್ದಾರೆ. ಹೊಸ ಹಾಡುಗಳನ್ನೂ ಹಾಡುತ್ತಾರೆ. ಅವು ಯಾವ ಡಿಸ್ಕ್‌ನಲ್ಲೂ ಸಿಗುವುದಿಲ್ಲ, ಅಲ್ಲಿಗೇ ಹೋಗಿ ಕೇಳಬೇಕು. ಗಿಟಾರ್‌ನವರು ಬಂದರು, ಹೋದರು. ಡಾಕ್ಟರ್ ಈಗ ಕಂಪ್ಯೂಟರ್ ಒಳಗೆ ಇದ್ದಾನೆ. ವೇದಿಕೆಯ ಮೇಲೆ ಅವನನ್ನು ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ಅವರನ್ನು ಡಾಕ್ಟರ್‌ನ ನರ್ಸ್ ಅನ್ನುತ್ತಾರೆ.

ನನ್ನ ಮಾತು ಇಷ್ಟೇ. ಲೈಟ್ ಆರಿಸಿ. 'ಸಮ್ ಕೈಂಡ್ ಆಫ್ ಸ್ಟ್ರೇಂಜರ್' ಪೂರ್ತಿ ಹಾಕುತ್ತೇನೆ, ಏಳು ನಿಮಿಷ. ಮೊದಲ ಎರಡು ನಿಮಿಷ ದನಿಯ ಕಡೆ ಗಮನ ಬೇಡ. ತಾಳವನ್ನು ಮಾತ್ರ ಹಿಡಿದುಕೊಳ್ಳಿ, ತೊಡೆಯ ಮೇಲೆ ಹಾಕಿಕೊಂಡರೂ ಸರಿ. ಆಮೇಲೆ ಅವನ ದನಿಗೆ ಬನ್ನಿ.